ಸೊಲ್ಲಾಪುರ-ಮುಂಬೈ ವಿಮಾನ: ದೂರ ಎಷ್ಟು, ಹಿಡಿಯುವ ಹೊತ್ತು ಎಷ್ಟು?

ಸೊಲ್ಲಾಪುರ: ಇಲ್ಲಿನ ಹೋಟಗಿ ರಸ್ತೆಯ ವಿಮಾನ ನಿಲ್ದಾಣದಿಂದ 2025ರ ಜೂನ್‌ನಲ್ಲಿ ಗೋವಾಕ್ಕೆ, ಅಕ್ಟೋಬರ್‌ನಲ್ಲಿ ಮುಂಬೈ ಮತ್ತು ಬೆಂಗಳೂರಿಗೆ ವಿಮಾನ ಸೇವೆ ಆರಂಭವಾಯಿತು. ಹಾರಾಟಕ್ಕೆ ಅಡ್ಡಿ ಎನ್ನಲಾಗಿದ್ದ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್‌ನಲ್ಲೇ ಕೆಡವಲಾಗಿತ್ತು. ಈಗ ಅಕ್ಕಲಕೋಟ, ಮೈಂದರ್ಗಿ, ದುಧನಿ ಭಾಗದ ಜನರ ಮುಂದಿರುವ ಪ್ರಶ್ನೆ ಒಂದೇ. ರೋಗಿಯನ್ನು ಮುಂಬೈ ಆಸ್ಪತ್ರೆಗೆ ಕರೆದೊಯ್ಯುವಾಗ ಅಥವಾ ಮಗನನ್ನು ನೌಕರಿಯ ಸಂದರ್ಶನಕ್ಕೆ ಕಳಿಸುವಾಗ ವಿಮಾನದಿಂದ ನಿಜಕ್ಕೂ ಎಷ್ಟು ಹೊತ್ತು ಉಳಿಯುತ್ತದೆ?

ಮೊದಲು ದೂರದ ಲೆಕ್ಕ. ಸೊಲ್ಲಾಪುರದಿಂದ ಮುಂಬೈ ರಸ್ತೆಯಲ್ಲಿ ಸುಮಾರು 400 ಕಿ.ಮೀ., ರೈಲಿನಲ್ಲಿ 455 ಕಿ.ಮೀ. ನಕಾಶೆಯ ಮೇಲೆ ದಾರ ಹಿಡಿದು ಅಳೆದರೆ ಎರಡು ವಿಮಾನ ನಿಲ್ದಾಣಗಳ ನಡುವೆ ಸುಮಾರು 360 ಕಿ.ಮೀ. ಮಾತ್ರ. ಹೀಗೆಯೇ ಗೋವಾದ ಮೋಪಾ ಸುಮಾರು 300, ಬೆಂಗಳೂರು ಸುಮಾರು 525 ಕಿ.ಮೀ. ಆಗುತ್ತದೆ. ಆದರೆ ವಿಮಾನ ನಿಗದಿಯಾದ ವಾಯುಮಾರ್ಗದಲ್ಲೇ ಹೋಗಬೇಕಾದ್ದರಿಂದ ನಿಜವಾಗಿ ಹಾರುವ ದೂರ ಇದಕ್ಕಿಂತ ತುಸು ಹೆಚ್ಚು.

ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 800 ಕಿ.ಮೀ. ಹಾಗಾದರೆ ಮುಂಬೈಗೆ ಅರ್ಧ ಗಂಟೆ ಸಾಕಲ್ಲವೇ? ಸಾಲದು. ಆ ವೇಗ ಮೇಲೆ ಏರಿದ ನಂತರದ್ದು. 10 ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ ಗಂಟೆಗೆ 460 ಕಿ.ಮೀ. ಮೀರುವಂತಿಲ್ಲ. ಹತ್ತಿರದ ಊರಿಗೆ ಹೋಗುವಾಗ ಏರುವುದು, ಇಳಿಯುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಮುಂಬೈಯ ಎರಡು ರನ್‌ವೇಗಳು ಒಂದನ್ನೊಂದು ದಾಟುವುದರಿಂದ ಒಂದು ಸಲಕ್ಕೆ ಒಂದೇ ಬಳಕೆಯಾಗುತ್ತದೆ. ದಟ್ಟಣೆಯಿದ್ದರೆ ಆಕಾಶದಲ್ಲೇ ಸುತ್ತು ಹಾಕಿ ಕಾಯಬೇಕು. ವೇಳಾಪಟ್ಟಿಯ ಸಮಯವೂ ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಇನ್ನೊಂದು ಕಡೆ ಹೋಗಿ ನಿಲ್ಲುವವರೆಗಿನದು. ಹೀಗಾಗಿ ಅರ್ಧ ಗಂಟೆಯ ದಾರಿ ಒಂದು ಗಂಟೆ, ಒಂದೂಕಾಲು ಗಂಟೆ ಆಗುತ್ತದೆ.

ಗಾಳಿಯ ಪಾತ್ರವೂ ಇದೆ. ಲಂಡನ್-ನ್ಯೂಯಾರ್ಕ್ ನಡುವೆ ಸುಮಾರು 5,500 ಕಿ.ಮೀ. ಹೋಗುವಾಗ ಪಶ್ಚಿಮದ ಗಾಳಿ ಎದುರಾಗಿ ಸುಮಾರು 8 ಗಂಟೆ, ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳಿ ಸುಮಾರು 7 ಗಂಟೆ ಹಿಡಿಯುತ್ತದೆ. ನಮ್ಮ ಸಣ್ಣ ದಾರಿಯಲ್ಲಿ ಈ ವ್ಯತ್ಯಾಸ ಕೆಲವೇ ನಿಮಿಷ.

ಇನ್ನು ಮನೆಬಾಗಿಲಿನ ಲೆಕ್ಕ. ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು 40 ಕಿ.ಮೀ., ಅಂದರೆ ಒಂದು ಗಂಟೆ. ವಿಮಾನ ಹೊರಡುವ ಎರಡು ಗಂಟೆ ಮೊದಲೇ ನಿಲ್ದಾಣದಲ್ಲಿರುವುದು ಒಳ್ಳೆಯದು. ಹಾರಾಟ ಒಂದೂಕಾಲು ಗಂಟೆ, ಸಾಮಾನು ಪಡೆದು ಹೊರಬರಲು ಅರ್ಧ ಗಂಟೆ, ಮುಂಬೈ ಟ್ರಾಫಿಕ್‌ನಲ್ಲಿ ಒಂದು ಗಂಟೆ. ಒಟ್ಟು ಐದೂಮುಕ್ಕಾಲು ಗಂಟೆ. 2023ರ ಫೆಬ್ರವರಿಯಲ್ಲಿ ಆರಂಭವಾದ ವಂದೇ ಭಾರತ್ ರೈಲು ಸೊಲ್ಲಾಪುರದಿಂದಲೇ ಸುಮಾರು ಆರೂವರೆ ಗಂಟೆ ತೆಗೆದುಕೊಳ್ಳುತ್ತದೆ. ಮನೆಯಿಂದ ಆಸ್ಪತ್ರೆಯವರೆಗೆ ಎಣಿಸಿದರೆ ಎಂಟೂವರೆ ಗಂಟೆಯಾದೀತು. ಉಳಿತಾಯ ಮೂರು ಗಂಟೆಗೂ ಕಡಿಮೆ.

ಬೆಂಗಳೂರಿಗಾದರೆ ಲಾಭ ಹೆಚ್ಚು. ರೈಲಿನ ಒಂದು ಇಡೀ ರಾತ್ರಿ ಉಳಿಯುತ್ತದೆ. ಆದರೆ ದೇವನಹಳ್ಳಿಯಿಂದ ನಗರಕ್ಕೆ ಬೇಕಾಗುವ ಹೊತ್ತನ್ನು ಮರೆಯಬಾರದು.

ಡಾಕ್ಟರು ಬೆಳಿಗ್ಗೆಯೇ ಬರಹೇಳಿದ್ದರೆ ಮಧ್ಯಾಹ್ನದ ವಿಮಾನದಿಂದ ಉಪಯೋಗವಿಲ್ಲ. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗಾಗುವಷ್ಟರಲ್ಲಿ ಮುಂಬೈಯಲ್ಲಿರುತ್ತಾರೆ. ಬಹಳ ಹೊತ್ತು ಕೂರಲಾಗದ ರೋಗಿಗೆ ಮಾತ್ರ ಆ ಮೂರು ಗಂಟೆಯೂ ದೊಡ್ಡದೇ. ವಿಮಾನದ ದಿನ, ವೇಳೆ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು.