ಸಕ್ಕರೆ ಕಾಯಿಲೆ: ಕಾರ್ಡು ಎಲ್ಲಿ ನಡೆಯುತ್ತದೆ, ಎಲ್ಲಿ ಬೇಕಾಗಿಯೇ ಇಲ್ಲ

“ಆರೋಗ್ಯಶ್ರೀ ಕಾರ್ಡ್ ಐತಲ್ಲ, ಶುಗರಿಗೂ ಅದೇ ನಡೀತದ.” ಧಾರೂರು, ತಾಂಡೂರು, ಜಹೀರಾಬಾದ್, ನಾರಾಯಣಖೇಡ್ ಕಡೆಯ ಕನ್ನಡದ ಮನೆಗಳಿಗೆ ಅತಿ ದುಬಾರಿಯಾಗಿ ಬೀಳುವ ನಂಬಿಕೆ ಇದು. ಆರೋಗ್ಯಶ್ರೀ 2007ರಲ್ಲಿ, ಅವಿಭಜಿತ ಆಂಧ್ರದಲ್ಲಿ ಶುರುವಾಯಿತು. 2023ರ ಡಿಸೆಂಬರ್ 9ರಿಂದ ತೆಲಂಗಾಣದಲ್ಲಿ ಅದರ ಮಿತಿ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ ರೂಪಾಯಿ. ಅಷ್ಟು ದೊಡ್ಡ ಮೊತ್ತ ಕೇಳಿದವರು ಎಲ್ಲವೂ ಅದರಲ್ಲೇ ಬರುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ, ಆಪರೇಷನ್ನಿಗೆ, ಡಯಾಲಿಸಿಸ್‌ನಂಥ ದೊಡ್ಡ ಖರ್ಚಿಗೆ ಇರುವ ಯೋಜನೆ. ದಿನಾ ನುಂಗುವ ಗುಳಿಗೆ, ಆಗಾಗ ಮಾಡಿಸುವ ರಕ್ತ ಪರೀಕ್ಷೆ, ಖಾಸಗಿ ಡಾಕ್ಟರರ ಫೀಸು ಇವು ಯಾವುವೂ ಅದರಲ್ಲಿ ಬರುವುದಿಲ್ಲ. ಕಾರ್ಡ್ ಹಿಡಿದು ನೂರು ಕಿಲೋಮೀಟರ್ ಆಚೆಯ ಹೈದರಾಬಾದಿನ ಖಾಸಗಿ ಆಸ್ಪತ್ರೆಗೆ ಹೋದವರು ತಪಾಸಣೆ ಮುಗಿಸಿ ಹೊರಬರುವಾಗ ಜೇಬಿನಿಂದಲೇ ಕೊಟ್ಟಿರುತ್ತಾರೆ. ಬಸ್ ಚಾರ್ಜು, ತಪ್ಪಿಹೋದ ಒಂದು ದಿನದ ಕೂಲಿ ಬೇರೆ. ಉದ್ಯೋಗ ಖಾತ್ರಿಯಲ್ಲಿ ತೆಲಂಗಾಣದ ದಿನಗೂಲಿ 2025-26ರಲ್ಲಿ 307 ರೂಪಾಯಿ ಎಂಬುದನ್ನು ನೆನಪಿಟ್ಟರೆ ಆ ನಷ್ಟ ಸಣ್ಣದಲ್ಲ.

ಸಕ್ಕರೆ ಹತೋಟಿ ತಪ್ಪಿ ಮೂತ್ರಪಿಂಡ ಕೆಡುವಂಥ ದೊಡ್ಡ ತೊಂದರೆ ಬಂದ ಮೇಲೆ ಮಾತ್ರ ಆ ಕಾರ್ಡು ಕೆಲಸಕ್ಕೆ ಬರುತ್ತದೆ. ರೋಗ ಕೈಮೀರಿದ ಮೇಲೆ ಲಕ್ಷಗಟ್ಟಲೆ ಕೊಡುವ ಯೋಜನೆ, ಕೈಮೀರದಂತೆ ತಡೆಯುವ ಗುಳಿಗೆಗೆ ಕೊಡುವುದಿಲ್ಲ. ಇದು ಯೋಜನೆಯ ದೊಡ್ಡ ಕೊರತೆ ಎಂದೇ ನಾನು ಹೇಳುತ್ತೇನೆ.

ಹಾಗಾದರೆ ದಿನದ ಗುಳಿಗೆಗೆ ಬಡವರಿಗೆ ದಿಕ್ಕಿಲ್ಲವೇ? ಇದೆ. ಅದು ಗೊತ್ತಿಲ್ಲದಿರುವುದೇ ಎರಡನೆಯ ತೊಂದರೆ. ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್‌ಗಳಿಗಾಗಿ ಕೇಂದ್ರ ಸರ್ಕಾರ 2010ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದ ಎಲ್ಲರಿಗೂ ತಪಾಸಣೆ ಉಚಿತ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುಳಿಗೆಯೂ ಉಚಿತ. ಇದಕ್ಕೆ ಆರೋಗ್ಯಶ್ರೀ ಬೇಕಿಲ್ಲ. ಊರಿನ ಪಲ್ಲೆ ದವಾಖಾನೆಯಲ್ಲಿ, ಆಶಾ ಅಥವಾ ಎಎನ್‌ಎಂ ಹತ್ತಿರ ಹೆಸರು ಬರೆಸಿದರೆ ಅಲ್ಲಿಂದ ದಾರಿ ತೆರೆಯುತ್ತದೆ. ದೊಡ್ಡ ರಕ್ತ ಪರೀಕ್ಷೆಗೂ ಖಾಸಗಿ ಲ್ಯಾಬಿಗೇ ಹೋಗಬೇಕೆಂದಿಲ್ಲ. 2021ರ ಜೂನ್‌ನಲ್ಲಿ ‘ತೆಲಂಗಾಣ ಡಯಾಗ್ನೋಸ್ಟಿಕ್ಸ್’ ಎಂಬ ಸರ್ಕಾರಿ ಪರೀಕ್ಷಾ ಕೇಂದ್ರಗಳು ತೆರೆದ ಜಿಲ್ಲೆಗಳಲ್ಲಿ ಸಂಗಾರೆಡ್ಡಿಯೂ ವಿಕಾರಾಬಾದೂ ಇವೆ. ಜಹೀರಾಬಾದ್, ನಾರಾಯಣಖೇಡದವರಿಗೆ ಮೊದಲನೆಯದು, ತಾಂಡೂರು, ಧಾರೂರಿನವರಿಗೆ ಎರಡನೆಯದು. ರಕ್ತ ಕೊಡುವುದು ಹತ್ತಿರದ ಸರ್ಕಾರಿ ದವಾಖಾನೆಯಲ್ಲಿ, ಪರೀಕ್ಷೆ ಜಿಲ್ಲಾ ಕೇಂದ್ರದಲ್ಲಿ.

“ಪುಕ್ಕಟೆ ಗುಳಿಗಿಗೆ ಪವರ್ ಇರಲ್ಲ” ಎನ್ನುವವರಿಗೆ ಒಂದು ಮಾತು. ಮೆಟ್‌ಫಾರ್ಮಿನ್ ಎಂಬ ಔಷಧಿ ಬೆಳ್ಳಿ ಬಣ್ಣದ ದುಬಾರಿ ಸ್ಟ್ರಿಪ್‌ನಲ್ಲಿದ್ದರೂ ಸರ್ಕಾರಿ ಸ್ಟ್ರಿಪ್‌ನಲ್ಲಿದ್ದರೂ ಅದೇ ಮೆಟ್‌ಫಾರ್ಮಿನ್. ಅದು ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವುದರಿಂದ ಅದರ ಬೆಲೆಗೆ ಸರ್ಕಾರವೇ ಮಿತಿ ಹಾಕಿದೆ. ಅಂಗಡಿಯಲ್ಲಿ ಕೊಂಡರೂ ಒಂದು ಗುಳಿಗೆಗೆ ಸುಮಾರು ಎರಡು ರೂಪಾಯಿ. ದಿನಕ್ಕೆ ಎರಡರಂತೆ ಹಿಡಿದರೆ ವರ್ಷಕ್ಕೆ ಸಾವಿರದ ಐನೂರರ ಒಳಗೆ. ಎಂಪಾಗ್ಲಿಫ್ಲೋಜಿನ್‌ನಂಥ ಹೊಸ ಔಷಧಿಯೂ 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಮೇಲೆ ತುಂಬ ಅಗ್ಗವಾಗಿದೆ. ಹಳೆಯ ಚೀಟಿಯ ಬ್ರಾಂಡನ್ನೇ ಕೊಳ್ಳುತ್ತಿರುವವರು ಡಾಕ್ಟರರನ್ನು ಕೇಳಿ ಜನೆರಿಕ್‌ಗೆ ಬದಲಿಸಿಕೊಳ್ಳಬೇಕು. ಸರ್ಕಾರಿ ಕೇಂದ್ರದಲ್ಲಿ ಗುಳಿಗೆ ಖಾಲಿಯಾಗಿದ್ದರೆ ಅದು ಆಡಳಿತದ ತಪ್ಪು, ಕೇಳುವ ಹಕ್ಕು ನಮಗಿದೆ. ಆದರೆ ಆ ಸಿಟ್ಟಿನಲ್ಲಿ ನುಂಗುವುದನ್ನೇ ನಿಲ್ಲಿಸಬಾರದು. ಶುಗರ್ ಇಳಿಯಿತೆಂದು ಗುಳಿಗೆ ಬಿಡುವುದೂ ಅಷ್ಟೇ ಅಪಾಯ. ಅದು ಇಳಿದಿದ್ದೇ ಗುಳಿಗೆಯಿಂದ, ಪಥ್ಯದಿಂದ.

ಇನ್ಸುಲಿನ್ ಹಚ್ಚಿದರೆ ಕೊನೆಗಾಲ ಬಂತೆಂಬ ಭಯ ಎಷ್ಟೋ ಮನೆಗಳಲ್ಲಿದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಸೂಜಿ ಪಡೆದ ಹುಡುಗನಿಗೆ ಹದಿನಾಲ್ಕು ವರ್ಷ, ಆತ ಸಾವಿನ ಅಂಚಿನಲ್ಲಿದ್ದ. ಆ ಸೂಜಿಯ ಬಲದಿಂದ ಇನ್ನೂ ಹದಿಮೂರು ವರ್ಷ ಬದುಕಿದ. ಅದು ಜೀವ ಉಳಿಸುವ ಮದ್ದು. ತಡವಾಗಿ ಶುರು ಮಾಡಿದವರು ತೊಂದರೆಗೆ ಸಿಕ್ಕುವುದನ್ನು ನೋಡಿ ಜನ ಸೂಜಿಯನ್ನೇ ದೂರುತ್ತಾರೆ.

ಕಾಲಿನ ವಿಷಯಕ್ಕೆ ಬರೋಣ. ತಾಂಡೂರು ಪರಸಿ ಕಲ್ಲಿನ ಊರು. ಗಣಿಯಲ್ಲಿ, ಪಾಲಿಶ್ ಮಾಡುವಲ್ಲಿ ಕಾಲಿಗೆ ಕಲ್ಲಿನ ಚೂರು ತಾಗುವುದು ದಿನದ ಮಾತು. ಸುತ್ತಲಿನ ತೊಗರಿ ಹೊಲಗಳಲ್ಲಿ ಕೂಳೆ ಚುಚ್ಚುತ್ತದೆ. ವರ್ಷಗಟ್ಟಲೆ ಶುಗರ್ ಹೆಚ್ಚಿದ್ದವರ ಪಾದದ ನರಗಳು ಮಂದವಾಗಿರುತ್ತವೆ, ರಕ್ತ ಓಡಾಟವೂ ಕಡಿಮೆ. ಗಾಯವಾದರೂ ನೋಯುವುದಿಲ್ಲ. “ನೋವಿಲ್ಲ, ಅಂದ್ರ ಏನೂ ಇಲ್ಲ” ಎನ್ನುವುದು ಇಲ್ಲಿ ಕಾಲು ಕಳೆಯುವ ನಂಬಿಕೆ. ನೋವಿಲ್ಲದ ಗಾಯವೇ ಹೆಚ್ಚು ಕೆಟ್ಟದ್ದು. ಅರಿಶಿನ, ಸುಣ್ಣ ಮೆತ್ತುತ್ತ, ಆರ್‌ಎಂಪಿ ಹತ್ತಿರ ಸೂಜಿ ಹಾಕಿಸುತ್ತ ವಾರಗಳು ಹೋದರೆ ಬೆರಳು ಕಪ್ಪಾಗುತ್ತದೆ. ರಾತ್ರಿ ಮಲಗುವ ಮುಂಚೆ ಎರಡೂ ಪಾದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಬಗ್ಗಲಾಗದ ಹಿರಿಯರಿಗೆ ಮೊಮ್ಮಕ್ಕಳು ನೋಡಿ ಹೇಳಲಿ. ಗಾಯ ಕಂಡ ದಿನವೇ ದವಾಖಾನೆಗೆ ಹೋಗಬೇಕು.

ಇನ್ನು ಊಟ. ಜೋಳದ ರೊಟ್ಟಿ ತಿನ್ನುವವರಿಗೆ ಶುಗರ್ ಬರುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಜೋಳದಲ್ಲಿ ಬಿಳಿ ಅಕ್ಕಿಗಿಂತ ನಾರು ಮೂರು ಪಟ್ಟು ಹೆಚ್ಚು. ಜಹೀರಾಬಾದ್ ಹತ್ತಿರದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ಜೋಳ, ನವಣೆಗಳನ್ನು ಹೊಲದಲ್ಲಿ ಉಳಿಸಿಕೊಂಡದ್ದು ಈ ಸೀಮೆಗೆ ದೊಡ್ಡ ಉಪಕಾರ. ಆದರೂ ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಶರ್ಕರಪಿಷ್ಟವೇ. ರೊಟ್ಟಿ ಒಳ್ಳೆಯದು, ಎಣಿಕೆಯಿಲ್ಲದೆ ತಿನ್ನುವುದು ಒಳ್ಳೆಯದಲ್ಲ.

ಇದು ಪಟ್ಟಣದ ಸಿರಿವಂತರ ಕಾಯಿಲೆ ಎಂಬ ಮಾತು ಹಳೆಯದಾಯಿತು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಪಟ್ಟಣದಲ್ಲಿ ನೂರಕ್ಕೆ 16 ಮಂದಿಗಾದರೆ ಹಳ್ಳಿಯಲ್ಲಿ ಸುಮಾರು 9. ಹಳ್ಳಿಗಳಲ್ಲೇ ಹೆಚ್ಚು ಜನ ಇರುವುದರಿಂದ ಒಟ್ಟು ರೋಗಿಗಳು ಎರಡೂ ಕಡೆ ಹೆಚ್ಚುಕಡಿಮೆ ಸಮವೇ. ಸಕ್ಕರೆ ಕಾಯಿಲೆ ಕ್ಷಯವನ್ನೂ ಕರೆತರುತ್ತದೆ: ಶುಗರ್ ಇದ್ದವರಿಗೆ ಕ್ಷಯ ಬರುವ ಸಾಧ್ಯತೆ ಎರಡು ಮೂರು ಪಟ್ಟು. ಧಾರೂರಿಗೆ ಸಮೀಪದ ಅನಂತಗಿರಿಯ ಕ್ಷಯ ಆಸ್ಪತ್ರೆ ಎಲ್ಲರಿಗೂ ಗೊತ್ತು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ.

ಅಧಿಕಾರಿಗಳಲ್ಲಿ ಒಂದು ಬೇಡಿಕೆ: ಗಡಿ ಮಂಡಲಗಳ ದವಾಖಾನೆಗಳಲ್ಲಿ ತೆಲುಗಿನ ಜೊತೆಗೆ ಕನ್ನಡದಲ್ಲೂ ಗುಳಿಗೆ ನುಂಗುವ ಸೂಚನೆ ಬರೆಸಿ, ಒಂದೇ ಸಲಕ್ಕೆ ಎರಡು ಮೂರು ತಿಂಗಳ ಗುಳಿಗೆ ಕೊಡಿ. ಓದುಗರಲ್ಲಿ ಇನ್ನೊಂದು: ಮನೆಯಲ್ಲಿ ಮೂವತ್ತು ದಾಟಿದವರನ್ನೆಲ್ಲ ಈ ವಾರವೇ ಪಲ್ಲೆ ದವಾಖಾನೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಒಂದು ರೂಪಾಯಿಯೂ ಬೇಕಿಲ್ಲ.