ಲಸಿಕೆಯಿಂದ ಉಬ್ಬಸ ಬರುತ್ತದೆಯೇ?

ಚುಚ್ಚುಮದ್ದಿನ ನಂತರ ಮಗುವಿಗೆ ಉಬ್ಬಸ ಶುರುವಾಯಿತೆಂದು ಕೆಲವು ತಾಯಂದಿರು ಹೇಳುವುದುಂಟು. ಉಬ್ಬಸ, ಅಲರ್ಜಿ ಮೊದಲು ಕಾಣಿಸುವುದೂ ಲಸಿಕೆ ಹಾಕಿಸುವ ಎಳೆ ವಯಸ್ಸಿನಲ್ಲೇ. ಆದ್ದರಿಂದ ಹಾಗೆ ತೋರುವುದು ಸಹಜ. ಡೆನ್ಮಾರ್ಕಿನ 12 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಪರಿಶೀಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಸಿಕೆಗಳಲ್ಲಿರುವ ಅಲ್ಯುಮಿನಿಯಂ ಅಂಶದಿಂದ ಉಬ್ಬಸವಾಗಲಿ ಅಲರ್ಜಿಯಾಗಲಿ ಹೆಚ್ಚಿದ್ದು ಕಂಡುಬರಲಿಲ್ಲ.

ಉಬ್ಬಸವನ್ನು ಕೆರಳಿಸುವುದು ಸೌದೆ ಒಲೆ, ಬೀಡಿಗಳ ಹೊಗೆ, ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆ-ಧೂಳು, ಕಾಂಗ್ರೆಸ್ ಗಿಡದ ಪರಾಗ.

ಉಬ್ಬಸವಿರುವ ಮಗುವಿಗೆ ನಾಯಿಕೆಮ್ಮು, ದಡಾರ ಬಂದರೆ ಶ್ವಾಸಕೋಶಕ್ಕೆ ಅಪಾಯ ಹೆಚ್ಚು. ಆದ್ದರಿಂದ 6, 10, 14ನೇ ವಾರದ ಪೆಂಟಾವೇಲೆಂಟ್, 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ ತಪ್ಪಿಸಬೇಡಿ. ಹಿಂದೆ ಚುಚ್ಚುಮದ್ದಿನಿಂದ ಮುಖ ಊತ, ಉಸಿರಾಟದ ತೊಂದರೆ ಆಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ.