ಜೋಡಿದೋಣಿಗಳ ಪಂದ್ಯದಲ್ಲಿ ಕಾಲಸಮೀಕರಣ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಸೀಮೆಯವರಿಗೆ ಸೂಳೆಕೆರೆಯ ವಿಶಾಲವಾದ ಜಲರಾಶಿಯೂ ಹೊನ್ನಾಳಿಯ ತುಂಗಭದ್ರೆಯೂ ಚಿರಪರಿಚಿತವಾದುವು. ತುಂಗಭದ್ರೆಯಲ್ಲಿ ಪೂರ್ವದಿಂದಲೂ ಬಳಕೆಯಲ್ಲಿದ್ದ ವಾಹನವು ಹರಿಗೋಲು. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಜನರು ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತವೂ ಹೊರಗೆ ತೊಗಲೂ ಉಳ್ಳ ದೋಣಿಗಳಲ್ಲಿ ಆನೆಗೊಂದಿಗೆ ಹೊಳೆ ದಾಟುತ್ತಿದ್ದರೆಂದೂ, ಅವು ನೇರವಾಗಿ ಸಾಗಲಾರದೆ ಸುತ್ತುತ್ತಲೇ ಹೋಗುತ್ತಿದ್ದುವೆಂದೂ ಬರೆದಿದ್ದಾನೆ. ಹೊರೆ ಹೊರುವುದಕ್ಕೆ ಹರಿಗೋಲು ಯೋಗ್ಯವಾದುದು; ವೇಗಕ್ಕಾದರೋ ಒದಗದು. ಆಕಾರವೇ ಗತಿಯನ್ನು ನಿಯಮಿಸುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೀಗಿರಲು, ಭಿನ್ನಾಕಾರದ ದೋಣಿಗಳು ಒಂದೇ ಪಂದ್ಯದಲ್ಲಿ ಓಡಿದಾಗ ಗೆಲವು ದೋಣಿಯದೋ ನಾವಿಕನದೋ ಎಂಬ ಪ್ರಶ್ನೆ ಏಳುವುದು ಸಹಜ. ಜೋಡಿದೋಣಿಗಳ ವಿಷಯದಲ್ಲಿ ಈ ಪ್ರಶ್ನೆಯು ವಿಶೇಷವಾಗಿ ವಿಚಾರಾರ್ಹವಾಗಿದೆ.

ಮೊದಲು ಹೆಸರಿನ ವಿಚಾರ. ಇಂದು ಲೋಕದಲ್ಲೆಲ್ಲ ಜೋಡಿದೋಣಿಗೆ ‘ಕ್ಯಾಟಮರಾನ್’ ಎಂಬ ಹೆಸರು ರೂಢವಾಗಿದೆ. ಇದು ತಮಿಳಿನ ‘ಕಟ್ಟುಮರಂ’ ಎಂಬುದರ ರೂಪಾಂತರ. ‘ಕಟ್ಟು’, ‘ಮರ’ ಎಂಬ ಎರಡು ಪದಗಳೂ ಕನ್ನಡಕ್ಕೆ ಸಮಾನವಾದುವೇ. ಆದರೆ ಕಟ್ಟುಮರವೆಂಬುದು ದಿಮ್ಮಿಗಳನ್ನು ಒತ್ತಾಗಿ ಬಿಗಿದ ತೆಪ್ಪವಲ್ಲದೆ ಎರಡು ಒಡಲುಗಳ ದೋಣಿಯಲ್ಲ. ವಿಲಿಯಂ ಡ್ಯಾಂಪಿಯರನು 1697ರ ತನ್ನ ಪ್ರವಾಸಗ್ರಂಥದಲ್ಲಿ ಈ ಶಬ್ದವನ್ನು ಕೋರಮಂಡಲದ ತೆಪ್ಪಕ್ಕೇ ಹೇಳಿದ್ದಾನೆ. ಜೋಡಿದೋಣಿಗೆ ಅದು ಅಂಟಿಕೊಂಡುದು ಅನಂತರ. ನಮ್ಮ ಕರಾವಳಿಯಲ್ಲಿ ಎರಡು ದೋಣಿಗಳನ್ನು ಸೇರಿಸಿ ಮೇಲೆ ಹಲಗೆ ಹಾಸಿದ ವಾಹನಕ್ಕೆ ‘ಜಂಗಲ್’ ಎಂದು ಹೆಸರು. ಇದಕ್ಕೆ ಸಂಸ್ಕೃತದ ‘ಸಂಘಾಟ’ ಶಬ್ದವನ್ನು ಮೂಲವಾಗಿ ಹೇಳುವುದುಂಟು. ಕ್ರಿಸ್ತಶಕದ ಮೊದಲನೆಯ ಶತಮಾನದ ‘ಪೆರಿಪ್ಲಸ್’ ಗ್ರಂಥದಲ್ಲಿ ಪೂರ್ವ ಕರಾವಳಿಯ ನೌಕೆಗಳಿಗೆ ಹೇಳಿರುವ ‘ಸಂಗರ’ ಎಂಬ ಹೆಸರನ್ನೂ ಇದರೊಡನೆ ಹೋಲಿಸುತ್ತಾರೆ. ಅರ್ಥದೃಷ್ಟಿಯಿಂದ ನೋಡಿದರೆ ಕ್ಯಾಟಮರಾನಿಗೆ ನೆಂಟನಾದುದು ಕಟ್ಟುಮರವಲ್ಲ, ಜಂಗಲ್.

ಸಾಮಾನ್ಯ ದೋಣಿಯು ತಾನೆಬ್ಬಿಸಿದ ಅಲೆಯಲ್ಲಿ ತಾನೇ ಸಿಕ್ಕಿಕೊಳ್ಳುವುದರಿಂದ ಅದರ ವೇಗಕ್ಕೆ ಉದ್ದದ ವರ್ಗಮೂಲವನ್ನು ಅನುಸರಿಸಿದ ಒಂದು ಮಿತಿಯುಂಟು. ಸಪುರವಾದ ಎರಡು ಒಡಲುಗಳುಳ್ಳ ದೋಣಿಯು ಈ ಮಿತಿಯನ್ನು ಮೀರಬಲ್ಲುದು. ಒಡಲುಗಳ ನಡುವಣ ಅಂತರದಿಂದ ಅದಕ್ಕೆ ಸ್ಥಿರತೆಯೂ ಲಭಿಸುವುದರಿಂದ ಭಾರವನ್ನು ಹೇರದೆಯೇ ದೊಡ್ಡ ಹಾಯಿಯನ್ನು ತಾಳಬಲ್ಲುದು. 1876ರಲ್ಲಿ ನ್ಯೂಯಾರ್ಕಿನ ಪಂದ್ಯದಲ್ಲಿ ನಥಾನಿಯಲ್ ಹೆರಿಷಾಫನ ‘ಅಮರಿಲಿಸ್’ ಎಂಬ ಜೋಡಿದೋಣಿಯು ಉಳಿದವನ್ನೆಲ್ಲ ಹಿಂದಿಕ್ಕಿತು. ಪ್ರತಿಸ್ಪರ್ಧಿಗಳು ಆಕ್ಷೇಪಿಸಿದರು, ಜೋಡಿದೋಣಿಗಳಿಗೆ ಸಾಮಾನ್ಯ ಪಂದ್ಯಗಳಲ್ಲಿ ಎಡೆಯಿಲ್ಲದಂತಾಯಿತು. ಅಳೆಯಲು ಕೋಲಿಲ್ಲದಿದ್ದಾಗ ಬಹಿಷ್ಕಾರವೇ ನ್ಯಾಯವಾಗುವುದೆಂಬುದಕ್ಕೆ ಇದು ನಿದರ್ಶನ.

ಆ ಕೋಲೇ ಹ್ಯಾಂಡಿಕ್ಯಾಪ್ ಅಂಕ. ಇದನ್ನು ಗೊತ್ತುಮಾಡುವ ಕ್ರಮಗಳು ಎರಡು. ಒಂದು ಅನುಭವಮೂಲವಾದುದು: ಒಂದು ಜಾತಿಯ ದೋಣಿಗಳು ಅನೇಕ ಪಂದ್ಯಗಳಲ್ಲಿ ತೆಗೆದುಕೊಂಡ ಕಾಲವನ್ನು ಪರಿಶೀಲಿಸಿ ಅಂಕವನ್ನು ಕೊಡುವುದು. ಇಂಗ್ಲೆಂಡಿನ ‘ಪೋರ್ಟ್ಸ್‌ಮತ್’ ಪದ್ಧತಿ ಇಂತಹುದು. ಅದರಲ್ಲಿ ಓಟದ ಕಾಲವನ್ನು 1000ದಿಂದ ಗುಣಿಸಿ ಅಂಕದಿಂದ ಭಾಗಿಸುತ್ತಾರೆ. ಮತ್ತೊಂದು ಮಾನಮೂಲವಾದುದು: ಉದ್ದ, ಹಾಯಿಯ ವಿಸ್ತಾರ, ತೂಕ ಮೊದಲಾದುವನ್ನು ಅಳೆದು ಸೂತ್ರದಿಂದ ಅಂಕವನ್ನು ಪಡೆಯುವುದು. ಜೋಡಿದೋಣಿಗಳಿಗೆ ಪ್ರಸಿದ್ಧವಾದ ‘ಟೆಕ್ಸೆಲ್’ ಪದ್ಧತಿ ಈ ಬಗೆಯದು. ಉದ್ದವೂ ಹಾಯಿಯೂ ಹೆಚ್ಚಿದಷ್ಟು ದೋಣಿಯು ಶೀಘ್ರಗಾಮಿಯೆಂದೂ, ತೂಕ ಹೆಚ್ಚಿದಷ್ಟು ಮಂದಗಾಮಿಯೆಂದೂ ಇದರ ತತ್ತ್ವ.

ಮಾರ್ಪಡಿಸಿದ ದೋಣಿಯ ತೊಡಕು ಇಲ್ಲಿಯೇ ಹುಟ್ಟುತ್ತದೆ. 900 ಅಂಕದ ದೋಣಿಯೊಂದು 54 ನಿಮಿಷಗಳಲ್ಲಿ ಗುರಿ ಮುಟ್ಟಿದರೆ ಅದರ ಪರಿಷ್ಕೃತ ಕಾಲ 60 ನಿಮಿಷ. 1000 ಅಂಕದ ದೋಣಿಯು 59 ನಿಮಿಷಗಳಲ್ಲಿ ಮುಟ್ಟಿದರೆ ಗೆಲವು ಎರಡನೆಯದಕ್ಕೆ. ಮೊದಲನೆಯವನು ಹಾಯಿಯನ್ನು ಹಿರಿದು ಮಾಡಿ 52 ನಿಮಿಷ 12 ಸೆಕೆಂಡುಗಳಲ್ಲಿ ಬಂದನೆನ್ನೋಣ. ಹಳೆಯ ಅಂಕವೇ ಉಳಿದರೆ ಅವನ ಕಾಲ 58 ನಿಮಿಷವಾಗಿ ಅವನು ಗೆಲ್ಲುವನು. ಹೊಸದಾಗಿ ಅಳೆದು 870ನ್ನು ಗೊತ್ತುಮಾಡಿದರೆ ಮತ್ತೆ 60 ನಿಮಿಷವಾಗಿ ಸೋಲುವನು. ನೌಕಾಚಾತುರ್ಯ ಮೊದಲಿದ್ದಷ್ಟೇ, ಹೆಚ್ಚಿದುದು ಬಟ್ಟೆ. ಅನುಭವಮೂಲವಾದ ಅಂಕವು ಜಾತಿಗೆ ಸಂದದ್ದೇ ಹೊರತು, ಆ ಜಾತಿಯನ್ನು ಬಿಟ್ಟು ಮಾರ್ಪಟ್ಟ ಒಂಟಿ ದೋಣಿಗಲ್ಲ. ಅಂತಹುದಕ್ಕೆ ಹಿಂದಿನ ಪಂದ್ಯಗಳ ಆಧಾರವೇ ಇರದು. ಆದಕಾರಣ ಮಾರ್ಪಾಡನ್ನು ಮೊದಲೇ ತಿಳಿಸಿ ಮರಳಿ ಅಳೆಯಿಸಿಕೊಳ್ಳತಕ್ಕದ್ದು ಮಾಲೀಕನ ಧರ್ಮ.

ಸಾಹಿತ್ಯಜ್ಞರಿಗೆ ಈ ನ್ಯಾಯವು ಹೊಸದಲ್ಲ. ಭಾಮಿನೀ ಷಟ್ಪದಿಯ ಮೊದಲ ಎರಡು ಸಾಲುಗಳಲ್ಲಿ ಅಕ್ಷರಗಳ ಸಂಖ್ಯೆ ಬೇರೆಬೇರೆಯಾದರೂ ಮಾತ್ರೆಗಳು ತಲಾ 14; ಗುರುವಿಗೆ ಎರಡು, ಲಘುವಿಗೆ ಒಂದು ಎಂಬ ಬೆಲೆಯಿಂದ ವಿಷಮವಾದುವು ಸಮವಾಗುತ್ತವೆ. ಲಘುವನ್ನು ಗುರುವಾಗಿ ತಿದ್ದಿ ಒಂದೇ ಮಾತ್ರೆಯೆಂದು ಎಣಿಸುವ ಲಾಕ್ಷಣಿಕನಿಲ್ಲ. ಆದರೆ ಛಂದಸ್ಸಿನ ನಿಶ್ಚಯವು ನೀರಿನ ಮೇಲೆ ದೊರೆಯದು. ಮಂದಮಾರುತದಲ್ಲಿ ಹಗುರವಾದ ದೋಣಿಗೆ ಒದಗುವ ಲಾಭವು ಬಿರುಗಾಳಿಯಲ್ಲಿ ಅದೇ ಪ್ರಮಾಣದಲ್ಲಿ ಉಳಿಯದು. ಸೂತ್ರವಾದರೋ ಒಂದೇ ಅಂಕವನ್ನು ಹೇಳುತ್ತದೆ. ಆದುದರಿಂದಲೇ 1976ರಿಂದ 2008ರ ವರೆಗೆ ಒಲಿಂಪಿಕ್ ಪಂದ್ಯಗಳಲ್ಲಿದ್ದ ‘ಟಾರ್ನೇಡೋ’ ಜೋಡಿದೋಣಿಗಳು ಎಲ್ಲವೂ ಒಂದೇ ಮಾದರಿಯವಾಗಿ, ಅಂಕದ ಅಪೇಕ್ಷೆಯಿಲ್ಲದೆ ಓಡಿದುವು. ಭಿನ್ನಾಕಾರಗಳಿಗೆ ಎಡೆಗೊಡಬೇಕಾದಲ್ಲಿ ಮಾತ್ರ ಅಂಕವು ಅನಿವಾರ್ಯ. ಅದು ಪೂರ್ಣನ್ಯಾಯವಲ್ಲ, ಆದರೂ ‘ಅಮರಿಲಿಸ್’ಗೆ ಒದಗಿದ ಬಹಿಷ್ಕಾರಕ್ಕಿಂತ ಉತ್ತಮವಾದ ನ್ಯಾಯವೆಂಬುದರಲ್ಲಿ ಸಂದೇಹವಿಲ್ಲ.